ಗೂಟ, ಹಗ್ಗ ಮತ್ತು ಒಂದು ತುಂಡು ಬಟ್ಟೆ

ಬಟ್ಟೆಯ ಸೂರು ಹಾಕುವುದೇನು ಕಷ್ಟವಲ್ಲ. ಎರಡು ಕಂಬ, ಮೇಲೊಂದು ಹಾಸು, ಮುಗಿಯಿತು. ಕಷ್ಟವಿರುವುದು ಅದನ್ನು ನೆಲಕ್ಕೆ ಹಿಡಿದಿಡುವುದರಲ್ಲಿ. ನಾವು ಅದನ್ನು ಸೂರು ಅಂದುಕೊಂಡಿರುತ್ತೇವೆ, ಗಾಳಿಯ ಲೆಕ್ಕದಲ್ಲಿ ಅದು ಹಾಯಿ. ಗಾಳಿ ಬಂದಾಗ ತೂರಿಕೋ ಅಂತ ಗಾದೆಯೇ ಇದೆಯಲ್ಲ, ಈ ಬಟ್ಟೆ ಅದನ್ನು ಅಕ್ಷರಶಃ ಪಾಲಿಸುತ್ತದೆ. ಗಾಳಿ ಬಂದ ಕೂಡಲೇ ತಾನೇ ತೂರಿಕೊಂಡು ಹೊರಟುಬಿಡುತ್ತದೆ!

ನನಗೆ ಈ ವಿಷಯ ತಲೆಗೆ ಹೊಕ್ಕಿದ್ದು ಅಮೆರಿಕದ ಪಾಪ್-ಅಪ್ ಕ್ಯಾಂಪರ್‌ಗಳನ್ನು ನೋಡಿ. ಊರಲ್ಲಿರುವವರಿಗೆ ಇದೇನು ಅಂತ ಹೇಳಿಬಿಡುತ್ತೇನೆ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಚಪ್ಪಟೆ ಪೆಟ್ಟಿಗೆಯಂಥ ಗಾಡಿ. ಬೀಡು ಬಿಡುವ ಜಾಗದಲ್ಲಿ ನಿಲ್ಲಿಸಿ ಹಿಡಿಕೆ ತಿರುಗಿಸಿದರೆ ಚಾವಣಿ ಮೇಲೇಳುತ್ತದೆ, ಎರಡು ಕಡೆ ಹಾಸಿಗೆಗಳು ಹೊರಗೆ ಚಾಚಿಕೊಳ್ಳುತ್ತವೆ, ಸುತ್ತ ಬಟ್ಟೆಯ ಗೋಡೆ. ಬಾಗಿಲ ಮುಂದೆ ನೆರಳಿಗೆ ಒಂದು ಆನಿಂಗ್. ಅಂದರೆ ನಮ್ಮ ಮನೆ ಮುಂದಿನ ಚಪ್ಪರವೇ, ಆದರೆ ಸುತ್ತಿ ಚೀಲಕ್ಕೆ ಹಾಕಬಹುದಾದ ಚಪ್ಪರ. ಅದರ ಒಂದು ಅಂಚು ಗಾಡಿಯ ಚಾವಣಿಯ ಬದಿಗೆ ಸಿಕ್ಕಿಸಿರುತ್ತದೆ, ಇನ್ನೊಂದು ಅಂಚಿಗೆ ಎರಡು ಸಣ್ಣ ಕೋಲು, ಎರಡು ಹಗ್ಗ, ಎರಡು ಗೂಟ. ಅಷ್ಟೇ ಭದ್ರತೆ.

ಈ ಅಭ್ಯಾಸ ಹಳೆಯದು. ಕಾರುಗಳು ಸಾಮಾನ್ಯರ ಕೈಗೆ ಬಂದ ಕಾಲಕ್ಕೇ ಜನ ಕಾರಿನ ಪಕ್ಕಕ್ಕೊಂದು ಕ್ಯಾನ್ವಾಸ್ ಕಟ್ಟಿ ಅದರಡಿ ಮಲಗಲು ಶುರುಮಾಡಿದ್ದರು. 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಇಂಥವರದೇ 'ಟಿನ್ ಕ್ಯಾನ್ ಟೂರಿಸ್ಟ್ಸ್' ಅನ್ನುವ ಸಂಘ ಹುಟ್ಟಿತು. ಲಾಟೀನು, ಸ್ಟೋವ್‌ಗಳಿಗೆ ಹೆಸರಾಗಿದ್ದ ಕೋಲ್ಮನ್ ಕಂಪನಿ 1967ರಲ್ಲಿ ಮಡಚುವ ಕ್ಯಾಂಪರ್ ವ್ಯಾಪಾರಕ್ಕೆ ಇಳಿಯಿತು. ಗಾಡಿ ಬದಲಾಯಿತು, ಚಾವಣಿ ಬದಲಾಯಿತು, ಗಾಳಿ ಮಾತ್ರ ಹಾಗೇ ಇದೆ.

ಹಾಗಾಗಿ ಜನ ತಮ್ಮದೇ ಉಪಾಯ ಮಾಡಿಕೊಳ್ಳುತ್ತಾರೆ. ಕ್ಯಾಂಪಿಂಗ್ ಜಾಗಗಳಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಅದೊಂದು ಪ್ರದರ್ಶನ. ಒಬ್ಬರು ಬಕೆಟ್ಟಿನಲ್ಲಿ ಸಿಮೆಂಟ್ ತುಂಬಿ ನಡುವೆ ಪೈಪ್ ನಿಲ್ಲಿಸಿ ಅದರೊಳಗೆ ಆನಿಂಗಿನ ಕೋಲು ಇಳಿಸಿರುತ್ತಾರೆ. ಇನ್ನೊಬ್ಬರು ಬರೀ ನೀರು ತುಂಬಿದ ಬಕೆಟ್ ನೇತುಹಾಕಿರುತ್ತಾರೆ. ಹೊರಡುವಾಗ ಚೆಲ್ಲಿದರಾಯಿತು, ಭಾರ ಹೊರುವ ತಾಪತ್ರಯವಿಲ್ಲ. ಗಟ್ಟಿ ನೆಲವಾದರೆ ಮನೆ ಕಟ್ಟುವ ಕಬ್ಬಿಣದ ಕಂಬಿಯನ್ನು ಊರುಗೋಲಿನ ಹಾಗೆ ಬಗ್ಗಿಸಿ ಸುತ್ತಿಗೆಯಿಂದ ಹೊಡೆಯುತ್ತಾರೆ. ಡಾಂಬರು ನೆಲದಲ್ಲಿ ಗೂಟ ಇಳಿಯುವುದೇ ಇಲ್ಲ, ಅಲ್ಲಿ ಕೊಕ್ಕೆ ಹಾಕಿದ ಒಂದು ಹಲಗೆ, ಅದರ ಮೇಲೆ ಕಾರಿನ ಚಕ್ರ! ಮರಳಿನಲ್ಲಿ ಗೂಟ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎದ್ದು ಬರುತ್ತದೆ, ಅಲ್ಲಿ ಚೀಲಕ್ಕೆ ಮರಳು ತುಂಬಿ ಹಗ್ಗ ಕಟ್ಟಿ ಆಳಕ್ಕೆ ಹೂಳುತ್ತಾರೆ. ಇಂಥ ಹೂತ ಲಂಗರಿಗೆ ಇಂಗ್ಲಿಷಿನಲ್ಲಿ 'ಡೆಡ್ ಮ್ಯಾನ್' ಅಂತ ಹೆಸರು. ಹೆಸರು ಭಯಂಕರ, ಕೆಲಸ ಅಚ್ಚುಕಟ್ಟು. ಇಲ್ಲಿ ಹಿಡಿಯುವುದು ಚೀಲದ ತೂಕವೊಂದೇ ಅಲ್ಲ, ಅದರ ಮೇಲೆ ಕೂತ ಅಷ್ಟೂ ಮರಳಿನ ತೂಕ.

ಸ್ವಲ್ಪ ಲೆಕ್ಕ ಹಾಕೋಣ. 3 ಮೀಟರ್ ಉದ್ದ, 2.5 ಮೀಟರ್ ಅಗಲದ ಆನಿಂಗ್ ಅಂದರೆ 7.5 ಚದರ ಮೀಟರ್. ಗಂಟೆಗೆ 40 ಕಿ.ಮೀ. ಗಾಳಿ ಚದರ ಮೀಟರಿಗೆ ಅಂದಾಜು ಏಳೂವರೆ ಕೆ.ಜಿ. ಭಾರದಷ್ಟು ಒತ್ತುತ್ತದೆ. ಒಟ್ಟು 55-60 ಕೆ.ಜಿ. ಅರ್ಧ ಗಾಡಿಯ ಕಡೆ ಹೋಯಿತು ಅಂದುಕೊಂಡರೂ ಹೊರಗಿನ ಅಂಚಿಗೆ 30 ಕೆ.ಜಿ. ಹತ್ತಿರ. 20 ಲೀಟರಿನ ಎರಡು ಬಕೆಟ್ ನೀರು 40 ಕೆ.ಜಿ., ಪರವಾಗಿಲ್ಲ, ತಡೆಯಬಹುದು. ಆದರೆ ಗಾಳಿಯ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. ಬಿರುಗಾಳಿಯೊಂದು 80 ಕಿ.ಮೀ. ಮುಟ್ಟಿತೆಂದರೆ ಅದೇ ಅಂಚಿಗೆ 115 ಕೆ.ಜಿ. ಆಗ ಬಕೆಟ್ಟೂ ಆಟದಲ್ಲಿ ಸೇರಿಕೊಳ್ಳುತ್ತದೆ. ಗೂಟ ಭದ್ರವಾಗಿ ನಿಂತರೂ ಸಮಸ್ಯೆಯೇ, ಎಳೆತವೆಲ್ಲ ಗಾಡಿಯ ಹಗುರ ಚಾವಣಿಗೆ ಬೀಳುತ್ತದೆ.

ಹಾಗಾದರೆ ದೊಡ್ಡವರು, ಅಂದರೆ ನಿಜಕ್ಕೂ ದೊಡ್ಡ ಚಪ್ಪರ ಹಾಕಿದವರು, ಏನು ಮಾಡಿದರು? ರೋಮಿಗೆ ಹೋಗೋಣ.

ಕ್ರಿ.ಶ. 80ರಲ್ಲಿ ತೆರೆದ ಕೊಲೋಸಿಯಂಗೆ ಬಟ್ಟೆಯ ನೆರಳಿತ್ತು. ಹೊರಗೋಡೆಯ ನೆತ್ತಿಯ ಹತ್ತಿರ 240 ಚಾಚುಗಲ್ಲುಗಳಿದ್ದವು, ಅವುಗಳ ಮೇಲೆ ಕಂಬ ನಿಲ್ಲಿಸಿ ಹಗ್ಗ ಬಿಗಿದು ಬಟ್ಟೆ ಹರಡುತ್ತಿದ್ದರು. ಈ ಕೆಲಸಕ್ಕೆ ಇಟ್ಟುಕೊಂಡದ್ದು ಯಾರನ್ನು ಗೊತ್ತೇ? ಮೈಸೀನಂ ನೌಕಾಪಡೆಯ ನಾವಿಕರನ್ನು. ಬಟ್ಟೆ, ಹಗ್ಗ, ಗಾಳಿ ಮೂರರ ಸ್ವಭಾವವೂ ಗೊತ್ತಿದ್ದವರು ಅವರೇ ತಾನೇ. ಸೂರು ಅಂದರೆ ಹಾಯಿ ಅಂತ ರೋಮಿನವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಲ್ಯಾಟಿನ್‌ನಲ್ಲಿ ಎರಡಕ್ಕೂ 'ವೇಲಂ' ಅನ್ನುವ ಒಂದೇ ಪದ.

ಪಾಂಪೆಯಿಯ ಗೋಡೆಗಳ ಮೇಲೆ ಬರೆದ ಆಟದ ಜಾಹೀರಾತುಗಳಲ್ಲಿ ಬಟ್ಟೆಯ ನೆರಳಿರುತ್ತದೆ ಅಂತ ವಿಶೇಷವಾಗಿ ಹೇಳಿಕೊಂಡಿದ್ದಾರೆ, ನಮ್ಮಲ್ಲಿ ಹವಾನಿಯಂತ್ರಿತ ಅಂತ ಬೋರ್ಡ್ ಹಾಕುವ ಹಾಗೆ. ಕ್ಯಾಲಿಗುಲ ಚಕ್ರವರ್ತಿ ಬಿಸಿಲು ನೆತ್ತಿಗೇರಿದ ಹೊತ್ತಲ್ಲಿ ನೆರಳು ತೆಗೆಸಿ, ಯಾರೂ ಎದ್ದು ಹೋಗಬಾರದು ಅಂತ ಅಪ್ಪಣೆ ಮಾಡುತ್ತಿದ್ದನಂತೆ. ಇದನ್ನು ಬರೆದವನು ಸ್ವೆಟೋನಿಯಸ್.

ಕೊಲೋಸಿಯಂನ ಹೊರಗೆ ನೆಲದಲ್ಲಿ ನೆಟ್ಟ ಕೆಲವು ಕಲ್ಲುಗಳು ಇವತ್ತಿಗೂ ಇವೆ. ಹಗ್ಗ ಕಟ್ಟುತ್ತಿದ್ದುದು ಇವಕ್ಕೇ ಅಂತ ಬಹಳ ಜನ ನಂಬಿದ್ದಾರೆ. ಅಂಥ ಎಳೆತ ತಡೆಯುವಷ್ಟು ಆಳಕ್ಕೆ ಅವನ್ನು ಹೂತಿಲ್ಲ ಅನ್ನುವುದು ಕೆಲವು ವಿದ್ವಾಂಸರ ತಕರಾರು. ನೋಡಿ, ಎರಡು ಸಾವಿರ ವರ್ಷದ ನಂತರವೂ ಪ್ರಶ್ನೆ ಅದೇ: ಗೂಟ ಎಷ್ಟು ಆಳ?

ನನಗೆ ತುಂಬಾ ಹಿಡಿಸಿದ್ದು ಕವಿ ಮಾರ್ಷಿಯಲ್ ಹೇಳುವ ಒಂದು ಮಾತು. ಪಾಂಪೆಯ ನಾಟಕಶಾಲೆಗೆ ಹೋಗುವಾಗ ಟೋಪಿ ಇರಲಿ, ಗಾಳಿಯಿದ್ದರೆ ಅಲ್ಲಿ ನೆರಳು ಸಿಗುವುದಿಲ್ಲ ಅನ್ನುವುದು ಅದರ ಸಾರ. ಅಂಥಾ ರೋಮ್ ಕೂಡ ಗಾಳಿಯ ದಿನ ಬಟ್ಟೆ ಬಿಚ್ಚುತ್ತಿರಲಿಲ್ಲ!

ಆದರೆ ಬಟ್ಟೆ ಸುತ್ತಿಡುವ ಸ್ವಾತಂತ್ರ್ಯವೇ ಇಲ್ಲದವರ ಗತಿ? ಆ ಕತೆ ಅಂಟಾರ್ಕ್ಟಿಕದ್ದು.

1911ರ ಜೂನ್ 27ರಂದು ಸ್ಕಾಟ್ ತಂಡದ ಮೂವರು, ವಿಲ್ಸನ್, ಬವರ್ಸ್ ಮತ್ತು 25 ವರ್ಷದ ಚೆರ್ರಿ-ಗ್ಯಾರರ್ಡ್, ಎಂಪರರ್ ಪೆಂಗ್ವಿನ್ ಮೊಟ್ಟೆ ತರಲು ಕೇಪ್ ಕ್ರೋಜಿಯರ್‌ಗೆ ಹೊರಟರು. ಅಲ್ಲಿ ಅದು ನಡುಚಳಿಗಾಲ, ಸೂರ್ಯನೇ ಹುಟ್ಟದ ಕತ್ತಲು. ದಾರಿಯಲ್ಲಿ ಚಳಿ ಸೊನ್ನೆಗಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ತಲುಪಿದ ಮೇಲೆ ಕಲ್ಲು ಮತ್ತು ಗಟ್ಟಿ ಹಿಮದ ಗೋಡೆ ಕಟ್ಟಿದರು, ಸ್ಲೆಜ್ ಬಂಡಿಯನ್ನೇ ತೊಲೆಯಾಗಿಟ್ಟರು, ಮೇಲೆ ಕ್ಯಾನ್ವಾಸ್ ಹೊದಿಸಿ ಕಲ್ಲು, ಹಿಮ ಹೇರಿ ಬಿಗಿದರು. ಪಕ್ಕದಲ್ಲೇ ಟೆಂಟ್, ಅದರ ಅಂಚಿನ ಮೇಲೂ ಹಿಮ, ಕಲ್ಲು. ಕೈಗೆ ಸಿಕ್ಕಿದ್ದರಲ್ಲಿ ಇದಕ್ಕಿಂತ ಹೆಚ್ಚು ಯಾರೂ ಮಾಡಲಾರರು.

ಜುಲೈ 22ರ ಬಿರುಗಾಳಿಗೆ ಮೊದಲು ಟೆಂಟ್ ಹಾರಿಹೋಯಿತು. ಮಾರನೇ ದಿನ, ಅದು ವಿಲ್ಸನ್ನನ ಹುಟ್ಟುಹಬ್ಬ, ಕ್ಯಾನ್ವಾಸ್ ಚಾವಣಿ ಚಿಂದಿಯಾಯಿತು. ಅವರ ಗುಡಿಸಲಿದ್ದದ್ದು ದಿಬ್ಬದ ಮರೆಯಲ್ಲಿ. ದಿಬ್ಬ ಹಾದು ಬಂದ ಗಾಳಿ ಚಾವಣಿಯನ್ನು ಒತ್ತುವ ಬದಲು ಮೇಲಕ್ಕೆ ಹೀರುತ್ತಿತ್ತು. ಮೂವರೂ ಮಲಗುವ ಚೀಲಗಳಲ್ಲಿ ಹುದುಗಿ ಮಲಗಿದರು, ಮೇಲೆ ಹಿಮ ಬೀಳುತ್ತಿತ್ತು. ಟೆಂಟ್ ಇಲ್ಲದೆ ವಾಪಸು ಹೋಗುವುದೆಂದರೆ ಸಾವು ಅಂತ ಮೂವರಿಗೂ ಗೊತ್ತಿತ್ತು.

ಗಾಳಿ ಇಳಿದ ಮೇಲೆ ಹುಡುಕಿದರೆ ಸುಮಾರು ಅರ್ಧ ಮೈಲಿ ಕೆಳಗೆ ಟೆಂಟ್ ಸಿಕ್ಕಿತು! ಹಾರುವಾಗ ಕೊಡೆಯ ಹಾಗೆ ಮಡಚಿಕೊಂಡಿದ್ದರಿಂದ ಹರಿದಿರಲಿಲ್ಲ. ಮತ್ತೆ ಟೆಂಟ್ ಹಾಕಿದಾಗ ಬವರ್ಸ್ ಅದರ ತುದಿಯಿಂದ ಒಂದು ಹಗ್ಗ ತಂದು ತನಗೇ ಕಟ್ಟಿಕೊಂಡ. ಹೋದರೆ ನಾನೂ ಅದರ ಜೊತೆಗೇ ಅಂತ. ಮನುಷ್ಯ ತಾನೇ ಗೂಟವಾದ ಆ ರಾತ್ರಿಯನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಆಗಸ್ಟ್ 1ಕ್ಕೆ ಮೂವರೂ ಜೀವಂತ ಮರಳಿದರು, ಮೂರು ಮೊಟ್ಟೆಗಳ ಜೊತೆ. ಚೆರ್ರಿ-ಗ್ಯಾರರ್ಡ್ ಇದನ್ನೆಲ್ಲ 1922ರಲ್ಲಿ 'ದಿ ವರ್ಸ್ಟ್ ಜರ್ನಿ ಇನ್ ದಿ ವರ್ಲ್ಡ್' ಪುಸ್ತಕದಲ್ಲಿ ಬರೆದ.

ಮುಂದಿನದು ಇನ್ನೂ ಕಠೋರ. 1912ರಲ್ಲಿ ದಕ್ಷಿಣ ಧ್ರುವದಿಂದ ಮರಳುವ ದಾರಿಯಲ್ಲಿ ಸ್ಕಾಟ್ ಜೊತೆ ವಿಲ್ಸನ್, ಬವರ್ಸ್ ಇಬ್ಬರೂ ತೀರಿಕೊಂಡರು. ಆ ನವೆಂಬರಿನಲ್ಲಿ ಹುಡುಕಿಕೊಂಡು ಹೋದವರಲ್ಲಿ ಚೆರ್ರಿ-ಗ್ಯಾರರ್ಡ್ ಕೂಡ ಇದ್ದ. ಒಂದಿಡೀ ಚಳಿಗಾಲದ ಬಿರುಗಾಳಿಗಳನ್ನು ತಡೆದು, ಅರ್ಧ ಹಿಮದಲ್ಲಿ ಹೂತ ಆ ಟೆಂಟ್ ನಿಂತೇ ಇತ್ತು. ಒಳಗಿದ್ದವರು ಮಾತ್ರ ಇರಲಿಲ್ಲ.

ಇಷ್ಟನ್ನೂ ಓದಿಕೊಂಡ ಮೇಲೆ ನನಗನ್ನಿಸಿದ್ದು ಇಷ್ಟೇ. ಆನಿಂಗ್ ನೆರಳಿಗೆ, ಟೆಂಟ್ ಜೀವಕ್ಕೆ. ನೆರಳಿನ ಬಟ್ಟೆಗೆ ಒಳ್ಳೆಯ ಗೂಟಕ್ಕಿಂತ ಮೋಡ ಕವಿದಾಗ ಬೇಗ ಸುತ್ತುವ ಕೈಗಳೇ ಮೇಲು, ಮಾರ್ಷಿಯಲ್ ಹೇಳಿದ ಹಾಗೆ ಒಂದು ಟೋಪಿ ಇದ್ದರಾಯಿತು. ಗೂಟ ಹೊಡೆಯುವುದೇ ಆದರೆ ಅದರ ತಲೆ ಬಟ್ಟೆಯಿಂದ ಆಚೆಗೆ ವಾಲಿರಲಿ. ನೆಲ ನೋಡಿ ಲಂಗರು ಆರಿಸಿ: ಮಣ್ಣಿಗೆ ಕಂಬಿ, ಮರಳಿಗೆ ಹೂತ ಚೀಲ, ಡಾಂಬರಿಗೆ ಕಾರಿನ ಚಕ್ರ. ರಾತ್ರಿ ಮಲಗುವ ಮುನ್ನ ಮಾತ್ರ ಸುತ್ತಿಟ್ಟುಬಿಡಿ.

ಜಾತ್ರೆಯ ಅಂಗಡಿಗಳವರು, ಟೆಂಟ್ ಸಿನಿಮಾದವರು ಗಾಳಿಗೆ ಏನು ಉಪಾಯ ಮಾಡುತ್ತಿದ್ದರು ಅಂತ ನಿಮ್ಮಲ್ಲಿ ಯಾರಾದರೂ ಹತ್ತಿರದಿಂದ ನೋಡಿದ್ದೀರಾ? ನೋಡಿದ್ದರೆ ಖಂಡಿತ ಬರೆಯಿರಿ, ಓದಲು ಕಾದಿರುತ್ತೇನೆ.