ಚಿಕ್ಕ ಮಕ್ಕಳಿಗೆ ಶೈಕ್ಷಣಿಕ ವಿಡಿಯೋ ಆಟಗಳ ಆಯ್ಕೆ: ಪೋಷಕರಿಗೆ ಮಾಹಿತಿ

ವಿಡಿಯೋ ಆಟಗಳ ಮೇಲೆ ನಮೂದಿಸಲಾಗುವ ‘3+’ ಎಂಬ ವಯೋಸೂಚಿಯು, ಚಿಕ್ಕ ಮಕ್ಕಳಿಗೆ ತಕ್ಕುದಲ್ಲದ ದೃಶ್ಯ ಹಾಗೂ ಭಾಷೆ ಅದರಲ್ಲಿಲ್ಲವೆಂಬುದನ್ನು ಮಾತ್ರ ತಿಳಿಸುತ್ತದೆ. ಅದು ಕಲಿಕೆಯ ಗುಣಮಟ್ಟಕ್ಕೆ ಪ್ರಮಾಣವಲ್ಲ. ಆದುದರಿಂದ ಪೋಷಕರು ಆಟವನ್ನು ಮೊದಲು ತಾವೇ ಆಡಿ ನೋಡಿ, ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು ಸೂಕ್ತ.

1. ಕಲಿಕೆ: ಅಕ್ಷರ, ಎಣಿಕೆ, ಆಕಾರ ಇವುಗಳಲ್ಲಿ ಯಾವುದನ್ನು ಕಲಿಸುತ್ತದೆಂಬುದು ಸ್ಪಷ್ಟವಿರಬೇಕು. ಪರದೆಯನ್ನು ಎಲ್ಲಿ ಒತ್ತಿದರೂ ಬಹುಮಾನ ದೊರೆಯುವ ಆಟವು ಕಲಿಕೆಗೆ ಉಪಯುಕ್ತವಲ್ಲ.

2. ಭಾಷೆ: ಓದಲು ಬಾರದ ಮಗುವಿಗೆ ಸೂಚನೆಗಳು ಚಿತ್ರಗಳ ಮೂಲಕ ಅಥವಾ ಅದು ಬಲ್ಲ ಭಾಷೆಯ ಧ್ವನಿಯಲ್ಲಿರಬೇಕು.

3. ವೆಚ್ಚ: ಜಾಹೀರಾತು ಹಾಗೂ ಆಟದೊಳಗಿನ ಖರೀದಿ ಇರಬಾರದು. ಮಗುವು ಅರಿಯದೆ ಒತ್ತುವುದರಿಂದ ಹಣ ಕಡಿತವಾಗದಂತೆ, ಮೊಬೈಲ್‌ನಲ್ಲಿ ಖರೀದಿಗೆ ಪಾಸ್‌ವರ್ಡ್ ಕಡ್ಡಾಯಗೊಳಿಸಬೇಕು. ಜಿಕಾಂಪ್ರಿ (2ರಿಂದ 10 ವರ್ಷ) ಹಾಗೂ ಟಕ್ಸ್ ಪೇಂಟ್ (3ರಿಂದ 12 ವರ್ಷ) ಉಚಿತ, ಜಾಹೀರಾತುರಹಿತ ತಂತ್ರಾಂಶಗಳಾಗಿವೆ.

4. ಅವಧಿ: ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ, 2 ವರ್ಷ ತುಂಬದ ಮಕ್ಕಳಿಗೆ ಪರದೆ ಸಲ್ಲದು, 2ರಿಂದ 4 ವರ್ಷದವರಿಗೆ ಪರದೆಯ ಒಟ್ಟು ಅವಧಿ ದಿನಕ್ಕೆ 1 ಗಂಟೆ ಮೀರಬಾರದು.

ವಿಶೇಷ ಸೂಚನೆ: ಆಟದಲ್ಲಿ ಹತ್ತರವರೆಗೆ ಎಣಿಸಿದ ಮಗುವು ಮನೆಯಲ್ಲಿ ಹುಣಸೆ ಬೀಜಗಳನ್ನೂ ಎಣಿಸಬಲ್ಲದಾದರೆ, ಆಯ್ಕೆಯು ಸರಿಯಾಗಿದೆಯೆಂದು ತಿಳಿಯಬಹುದು.