ಗಂಜಾಮಿನ ಇಗರ್ಜಿ

ಶ್ರೀರಂಗಪಟ್ಟಣಕ್ಕೆ ಹೋದ ನಮ್ಮ ಜಿಲ್ಲೆಯವರು ರಂಗನಾಥನ ದರ್ಶನವನ್ನು ಮಾಡಿ, ದರಿಯಾದೌಲತ್ತನ್ನೂ ಗುಂಬಜನ್ನೂ ನೋಡಿ ಹಿಂದಿರುಗುವುದು ವಾಡಿಕೆ. ಅದೇ ದ್ವೀಪದ ಗಂಜಾಮಿನಲ್ಲಿರುವ ಹಳೆಯ ಕಥೋಲಿಕ ಇಗರ್ಜಿಯ ಕಡೆಗೆ ತಿರುಗುವವರು ವಿರಳ. ಅದು 1800ರ ಸುಮಾರಿನಲ್ಲಿ ದುಬ್ವಾ ಎಂಬ ಫ್ರೆಂಚ್ ಪಾದ್ರಿಯಿಂದ ಸ್ಥಾಪಿತವಾದದ್ದು.

1784ರಲ್ಲಿ ಟಿಪ್ಪು ಸುಲ್ತಾನನು ಕೆನರಾ ಪ್ರಾಂತದ ಕ್ರೈಸ್ತರನ್ನು ಸೆರೆಹಿಡಿದು ಈ ಪಟ್ಟಣಕ್ಕೆ ಸಾಗಿಸಿದನಷ್ಟೆ. ಅವರಲ್ಲಿ ಬಹುಮಂದಿ ಬಲಾತ್ಕಾರದಿಂದ ಮತಾಂತರ ಹೊಂದಿದರು. 1799ರಲ್ಲಿ ಪಟ್ಟಣವು ಬಿದ್ದ ಮೇಲೆ, ಚೆದರಿದ ಆ ಜನವನ್ನು ಮತ್ತೆ ಒಂದುಗೂಡಿಸಲು ದುಬ್ವಾನನ್ನು ಕರೆಸಿದರು. ಕರ್ನಲ್ ವೆಲ್ಲೆಸ್ಲಿಯ ಸೂಚನೆಯಿಂದಲೇ ಎಂದು ಹೇಳುವುದುಂಟು. ಆತನು ದೇಶೀಯ ಉಡುಪನ್ನು ಧರಿಸಿ, ನಮ್ಮವರಂತೆಯೇ ಬಾಳಿದನು. ಸಿಡುಬಿನ ಹಾವಳಿಯ ಕಾಲದಲ್ಲಿ, 1803–04ರಲ್ಲಿ, ಜನರಿಗೆ ಹೊಸದಾಗಿ ಬಂದಿದ್ದ ದಾಕು ಹಾಕಿಸಿದನು. ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯದ ನೆಲೆಯನ್ನು ಕಲ್ಪಿಸಿಕೊಟ್ಟನು. ಜನರು ಆತನನ್ನು ‘ದೊಡ್ಡಸ್ವಾಮಿಯವರು’ ಎಂದರು.

ಆದರೆ ಆತನಿಗೆ ಲೋಕಖ್ಯಾತಿ ಬಂದದ್ದು ಈ ಕೆಲಸಗಳಿಂದಲ್ಲ, ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಒಂದು ಗ್ರಂಥದಿಂದ. ಮೈಸೂರಿನಲ್ಲಿದ್ದ ವಿಲ್ಕ್ಸ್ ಸಾಹೇಬನು ಅದನ್ನು ಮೆಚ್ಚಿದನು. ಕಂಪೆನಿಯ ಸರ್ಕಾರವು ಎರಡು ಸಾವಿರ ವರಹಗಳಿಗೆ ಹಸ್ತಪ್ರತಿಯನ್ನು ಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಪಾಠಶಾಲೆಯಲ್ಲಿ ಓದಿದ ನನ್ನಂಥವನಿಗೆ ಅದರ ಕೆಲವು ಪುಟಗಳು ಈಗಲೂ ಕಹಿಯೇ. ವಿಶೇಷವೇನೆಂದರೆ, ಸಿಲ್ವಿಯಾ ಮೂರ್ ಎಂಬ ಫ್ರೆಂಚ್ ವಿದುಷಿಯು 1987ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಆ ಗ್ರಂಥದ ಬಹುಭಾಗವು ದುಬ್ವಾನ ಸ್ವಂತದ್ದಲ್ಲ. ಪುದುಚೇರಿಯಲ್ಲಿದ್ದ ಕೇರ್ದೂ ಎಂಬ ಹಿಂದಿನ ಪಾದ್ರಿಯ ಬರವಣಿಗೆಯಿಂದ ತೆಗೆದದ್ದು. ಸಂಸ್ಕೃತಕ್ಕೂ ಲ್ಯಾಟಿನ್, ಗ್ರೀಕ್ ಭಾಷೆಗಳಿಗೂ ಇರುವ ಬಾಂಧವ್ಯವನ್ನು ಜೋನ್ಸನು 1786ರಲ್ಲಿ ಸಾರುವುದಕ್ಕೆ ಮೊದಲೇ ಗುರುತಿಸಿ ಪ್ಯಾರಿಸ್ಸಿಗೆ ಬರೆದು ಕಳುಹಿಸಿದ್ದವನು ಈ ಕೇರ್ದೂವೇ! ಪರರ ವಿದ್ಯೆಯನ್ನು ತನ್ನದೆಂದು ಮಾರುವುದು ಯಾವ ಶಾಸ್ತ್ರದಲ್ಲಿಯೂ ಸಮ್ಮತವಲ್ಲ.

ಹಾಗೆಂದು ಆತನನ್ನು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಮೂವತ್ತು ವರ್ಷಗಳ ದುಡಿಮೆಯ ಬಳಿಕ 1823ರಲ್ಲಿ ಆತನು ಪ್ರಕಟಿಸಿದ ಪತ್ರಗಳಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವ ಆಶೆಯೇ ವ್ಯರ್ಥವೆಂದು ಬಿಚ್ಚಿ ಬರೆದನು. ತನ್ನ ಜೀವಿತೋದ್ಯೋಗವೇ ಸೋತಿತೆಂದು ಒಪ್ಪುವ ಧೈರ್ಯ ಎಷ್ಟು ಮಂದಿಗಿದ್ದೀತು? ಅದೇ ಪತ್ರಗಳಲ್ಲಿ, ಸುಲ್ತಾನನು ಹಿಡಿದವರು ಅರುವತ್ತು ಸಾವಿರ ಮಂದಿಯೆಂದೂ, ಅವರಲ್ಲಿ ಒಬ್ಬನಾದರೂ ಎದುರು ನಿಲ್ಲಲಿಲ್ಲವೆಂದೂ ಕಠಿನವಾಗಿ ನುಡಿದಿರುವನು. ಸಂಖ್ಯೆಯ ವಿಷಯದಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಕತ್ತಿಯ ಕೆಳಗೆ ನಿಂತವರನ್ನು ಹೀಗೆ ಹಳಿಯುವುದು ನನಗೆ ಒಪ್ಪದು. ಆದರೂ ಹೀಗೆ ಬರೆದ ಕೈಯೇ, ಅವರಲ್ಲಿ ಮರಳಿ ಬಂದವರನ್ನು ಸೇರಿಸಿಕೊಂಡು ಅವರಿಗೆ ಪ್ರಾರ್ಥನಾಸ್ಥಳವನ್ನು ಕಲ್ಪಿಸಿತು. ಪುಸ್ತಕವು ಕೇರ್ದೂವಿನದಾಯಿತು, ಗಂಜಾಮಿನ ಗೋಡೆಗಳು ದುಬ್ವಾನವೇ.

1823ರ ಜನವರಿಯಲ್ಲಿ ಆತನು ಕಂಪೆನಿಯ ವಿಶ್ರಾಂತಿವೇತನವನ್ನು ಪಡೆದು ಭಾರತವನ್ನು ಬಿಟ್ಟನು. ಮೂರು ವರ್ಷಗಳ ತರುವಾಯ ಪ್ಯಾರಿಸ್ಸಿನಲ್ಲಿ ಪಂಚತಂತ್ರವನ್ನು ಫ್ರೆಂಚ್ ಭಾಷೆಗೆ ತಂದನು. ಅದಕ್ಕೆ ಆಧಾರವಾದ ಮೂರು ಪ್ರತಿಗಳಲ್ಲಿ ಒಂದು ತಮಿಳಿನದು, ಒಂದು ತೆಲುಗಿನದು, ಮತ್ತೊಂದು ಕನ್ನಡದ್ದು. 1848ರಲ್ಲಿ ತೀರಿಕೊಂಡನು, ಈ ಕಡೆಗೆ ಮತ್ತೆ ಬರಲಿಲ್ಲ.