ಚೀನೀ ವಿದ್ಯಾರ್ಥಿಗಳು ಮತ್ತು ಇಂಗ್ಲಿಷ್ ಪದಗಳ ಪರೀಕ್ಷೆ – ಒಂದು ಐತಿಹಾಸಿಕ ನೋಟ



ಕಳೆದ ವರ್ಷ ಪದವಿ ಮುಗಿಸಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ವಿದೇಶದಲ್ಲಿ ಉನ್ನತ ವ್ಯಾಸಂಗ ಮಾಡುವ ಆಸೆ ಅವನದು. ಕೈಯಲ್ಲಿ ಜೆರಾಕ್ಸ್ ಮಾಡಿಸಿದ ಇಂಗ್ಲಿಷ್ ಪದಗಳ ದಪ್ಪ ಕಟ್ಟು. "ಸರ್, ಇದರಲ್ಲಿ ಅರ್ಧ ಬಾಯಿಪಾಠ ಆಗಿದೆ. ಆದರೆ ಪ್ರಶ್ನೆಪತ್ರಿಕೆಯ ಒಂದು ಪ್ಯಾರಾ ಓದಿದರೆ ತಲೆಗೆ ಹತ್ತುವುದಿಲ್ಲ. ಏನು ಮಾಡಲಿ?" ಎಂದು ಕೇಳಿದ. ಉತ್ತರ ತಕ್ಷಣ ಹೊಳೆಯಲಿಲ್ಲ. ಏಕೆಂದರೆ ಉರ್ದು ಮಾಧ್ಯಮದಿಂದ ಬಂದ ನಾನೂ ಪಿ.ಯು.ಸಿ.ಯ ಮೊದಲ ವರ್ಷ ನಿಘಂಟಿನ ಪುಟಗಳನ್ನು ಉರು ಹೊಡೆದವನೇ.

ಈ ಪ್ರಶ್ನೆಯನ್ನು ನಮಗಿಂತ ಮೊದಲೇ, ನಮಗಿಂತ ದೊಡ್ಡ ಪ್ರಮಾಣದಲ್ಲಿ ಎದುರಿಸಿದ ಒಂದು ಜನಾಂಗವಿದೆ. ಅದು ನಮ್ಮ ನೆರೆಯ ಚೀನಾದ ಜನಾಂಗ. ಇಂಗ್ಲಿಷಿನೊಂದಿಗೆ ಯಾವ ನಂಟೂ ಇಲ್ಲದ ಭಾಷೆಯನ್ನಾಡುವ ಆ ಮಕ್ಕಳು ಜಿ.ಆರ್.ಇ., ಟೋಫೆಲ್‌ನಂಥ ಕಠಿಣ ಪರೀಕ್ಷೆಗಳಿಗೆ ಹೇಗೆ ಸಿದ್ಧರಾದರು? ಎಲ್ಲಿ ಗೆದ್ದರು, ಎಲ್ಲಿ ಎಡವಿದರು? ಇತಿಹಾಸದ ಪುಟಗಳನ್ನು ತಿರುವಿ ನೋಡೋಣ ಬನ್ನಿ.

ಕ್ಯಾಂಟನ್ ಬಂದರಿನ ಕಿರುಹೊತ್ತಗೆಗಳು

1757ರಿಂದ 1842ರವರೆಗೆ ಪಾಶ್ಚಾತ್ಯರೊಂದಿಗಿನ ಕಡಲ ವ್ಯಾಪಾರಕ್ಕೆ ಕ್ಯಾಂಟನ್ ಬಂದರೊಂದೇ ಚೀನಾದ ಹೆಬ್ಬಾಗಿಲಾಗಿತ್ತು. ವಿದೇಶಿಯರಿಗೆ ಚೀನೀ ಭಾಷೆ ಕಲಿಸುವುದು ಆಗ ಅಪರಾಧ. ಹಾಗಾಗಿ ವ್ಯಾಪಾರಿಗಳೂ ಆಳುಗಳೂ ತಾವೇ ಅಷ್ಟಿಷ್ಟು ಇಂಗ್ಲಿಷ್ ಕಲಿತು ವ್ಯವಹಾರ ಮಾಡಬೇಕಾಯಿತು. ಅವರಿಗಾಗಿ ಪೇಟೆಯಲ್ಲಿ ಅಗ್ಗದ ಕಿರುಹೊತ್ತಗೆಗಳು ಮಾರಾಟವಾಗುತ್ತಿದ್ದವು. ಇವುಗಳಲ್ಲಿ ಒಂದೇ ಒಂದು ಇಂಗ್ಲಿಷ್ ಅಕ್ಷರವೂ ಇರುತ್ತಿರಲಿಲ್ಲ. ಇಂಗ್ಲಿಷ್ ಪದದ ಉಚ್ಚಾರವನ್ನು ಅದಕ್ಕೆ ಹತ್ತಿರವಾದ ಚೀನೀ ಲಿಪಿಚಿಹ್ನೆಗಳಲ್ಲೇ ಬರೆಯುತ್ತಿದ್ದರು. ನಮ್ಮ ಮಕ್ಕಳು ಇಂಗ್ಲಿಷ್ ಪದ್ಯವನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಬರೆದುಕೊಂಡು ಕಂಠಪಾಠ ಮಾಡುವುದಿಲ್ಲವೇ? ಅದೇ ಉಪಾಯ. ಚಹಾ, ರೇಷ್ಮೆ ಮಾರಲು ಅಷ್ಟು ಸಾಕಿತ್ತು.

ಆದರೆ ಸಾಮ್ರಾಜ್ಯದ ವ್ಯವಹಾರಕ್ಕೆ ಸಾಕಾಗಲಿಲ್ಲ. ಅಫೀಮು ಯುದ್ಧಗಳಲ್ಲಿ ಸೋತ ಚೀನಾ 1858ರಲ್ಲಿ ಬ್ರಿಟನ್ನಿನೊಂದಿಗೆ ಟಿಯಾಂಜಿನ್ ಒಪ್ಪಂದಕ್ಕೆ ಸಹಿ ಹಾಕಿತು. ಅದರ 50ನೆಯ ವಿಧಿಯನ್ನು ನೀವು ಗಮನಿಸಬೇಕು. ಇಂಗ್ಲಿಷ್ ಮತ್ತು ಚೀನೀ ಪಾಠಗಳ ನಡುವೆ ವ್ಯತ್ಯಾಸ ಕಂಡುಬಂದರೆ ಇಂಗ್ಲಿಷ್ ಪಾಠವೇ ಸರಿ ಎಂದು ತಿಳಿಯಬೇಕೆಂಬುದು ಅದರ ತಾತ್ಪರ್ಯ. ಅಂದರೆ ತನ್ನ ದೇಶದ ಭವಿಷ್ಯವನ್ನು ನಿರ್ಧರಿಸುವ ಕಾಗದದಲ್ಲಿ ಏನು ಬರೆದಿದೆ ಎಂಬುದನ್ನು ಓದಬಲ್ಲ ಸ್ವಂತ ಜನ ಆಸ್ಥಾನದಲ್ಲಿ ಇರಲೇಬೇಕಾಯಿತು. ಓದಿ ಅರ್ಥ ಮಾಡಿಕೊಳ್ಳಲಾಗದವನು ಇನ್ನೊಬ್ಬನ ಅರ್ಥಕ್ಕೆ ತಲೆಬಾಗಬೇಕಾಗುತ್ತದೆ ಎಂಬ ಪಾಠವನ್ನು ಚೀನಾ ಬಹಳ ದುಬಾರಿ ಬೆಲೆ ತೆತ್ತು ಕಲಿಯಿತು.

ಇದರ ಫಲವಾಗಿ 1862ರಲ್ಲಿ ಬೀಜಿಂಗ್‌ನಲ್ಲಿ ರಾಜಕುಮಾರ ಗೋಂಗ್ ಅವರ ಆಸಕ್ತಿಯಿಂದ ಟೋಂಗ್‌ವೆನ್ ಗುವಾನ್ ಎಂಬ ಸರ್ಕಾರಿ ಭಾಷಾ ಶಾಲೆ ಆರಂಭವಾಯಿತು. ಮೊದಲ ಇಂಗ್ಲಿಷ್ ತರಗತಿಯಲ್ಲಿದ್ದವರು ಕೇವಲ ಹತ್ತು ಬಾಲಕರು. ವಿದೇಶಿ ವಿದ್ಯೆ ಕಲಿಯುವವರನ್ನು ಅಂದಿನ ಸಮಾಜ ಅನುಮಾನದಿಂದ ನೋಡುತ್ತಿತ್ತು. ಆದರೂ ಬಾಗಿಲು ತೆರೆದಿತ್ತು.

ನೂರಿಪ್ಪತ್ತು ಬಾಲಕರ ಕಥೆ

ಮಕಾವ್ ಸಮೀಪದ ಹಳ್ಳಿಯೊಂದರಲ್ಲಿ 1828ರಲ್ಲಿ ಹುಟ್ಟಿದ ಯುಂಗ್ ವಿಂಗ್ 1854ರಲ್ಲಿ ಅಮೆರಿಕದ ಯೇಲ್‌ನಲ್ಲಿ ಪದವಿ ಪಡೆದರು. ಅಮೆರಿಕದ ವಿಶ್ವವಿದ್ಯಾಲಯದ ಪದವೀಧರನಾದ ಮೊದಲ ಚೀನೀಯ ಅವರೇ. ತಾನು ಪಡೆದದ್ದು ತನ್ನ ದೇಶದ ಮಕ್ಕಳಿಗೂ ಸಿಗಬೇಕೆಂದು ಅವರು ವರ್ಷಗಟ್ಟಲೆ ಸರ್ಕಾರದ ಬೆನ್ನು ಬಿದ್ದರು. ಕೊನೆಗೆ 1872ರಿಂದ 1875ರವರೆಗೆ ವರ್ಷಕ್ಕೆ 30ರಂತೆ ಒಟ್ಟು 120 ಬಾಲಕರನ್ನು ಅಮೆರಿಕಕ್ಕೆ ಕಳುಹಿಸಲಾಯಿತು. ಅವರು ನ್ಯೂ ಇಂಗ್ಲೆಂಡ್ ಪ್ರಾಂತದ ಮನೆಗಳಲ್ಲಿ ಉಳಿದು, ಅಲ್ಲಿನ ಮಕ್ಕಳೊಂದಿಗೆ ಆಡುತ್ತಾ ಓದುತ್ತಾ ಭಾಷೆ ಕಲಿತರು.

ಆದರೆ ಈ ಮಕ್ಕಳು ತಮ್ಮತನವನ್ನು ಮರೆಯುತ್ತಿದ್ದಾರೆಂಬ ದೂರುಗಳು ಹೆಚ್ಚಿ 1881ರಲ್ಲಿ ಸರ್ಕಾರ ಅವರನ್ನೆಲ್ಲ ವಾಪಸ್ ಕರೆಸಿಕೊಂಡಿತು. ಬಹುತೇಕರ ಓದು ಅರ್ಧಕ್ಕೇ ನಿಂತಿತು. ಅದೇ ವರ್ಷ ಪದವಿ ಮುಗಿಸಲು ಸಾಧ್ಯವಾದ ಬೆರಳೆಣಿಕೆಯವರಲ್ಲಿ ಜಾನ್ ಟಿಯಾನ್‌ಯೋ ಒಬ್ಬರು. ಮುಂದೆ 1905ರಿಂದ 1909ರ ಅವಧಿಯಲ್ಲಿ ಬೀಜಿಂಗ್‌ನಿಂದ ಜಾಂಗ್‌ಜಿಯಾಕೋವರೆಗೆ ಬೆಟ್ಟಗಳ ನಡುವೆ ರೈಲುಮಾರ್ಗ ನಿರ್ಮಿಸಿದ ಮುಖ್ಯ ಇಂಜಿನಿಯರ್ ಇವರೇ. ತಮ್ಮತನ ಮರೆತರೆಂದು ದೂರಲಾದ ತಂಡದ ಹುಡುಗನೇ ತನ್ನ ನಾಡಿಗೆ ರೈಲು ಹಾಸಿದ ಎಂಬುದನ್ನು ಮರೆಯುವಂತಿಲ್ಲ.

ಪರೀಕ್ಷೆಯ ನಾಡು

ಚೀನಾಕ್ಕೆ ಪರೀಕ್ಷೆ ಹೊಸದಲ್ಲ. ಸುಮಾರು 1,300 ವರ್ಷಗಳ ಕಾಲ ಅಲ್ಲಿ ಅಧಿಕಾರಿಗಳನ್ನು ಲಿಖಿತ ಪರೀಕ್ಷೆಯ ಮೂಲಕ ಆರಿಸಲಾಗುತ್ತಿತ್ತು. ಅಭ್ಯರ್ಥಿಗಳು ಪ್ರಾಚೀನ ಗ್ರಂಥಗಳನ್ನು ಬಾಲ್ಯದಿಂದಲೇ ಕಂಠಸ್ಥ ಮಾಡಬೇಕಿತ್ತು. ಅಂಗೈಯಗಲದ ಪುಸ್ತಕಗಳಲ್ಲಿ, ಒಳಅಂಗಿಯ ಮೇಲೆ ಸಣ್ಣ ಅಕ್ಷರಗಳಲ್ಲಿ ಪಾಠ ಬರೆದುಕೊಂಡು ಹೋಗುವ ನಕಲುಕೋರರೂ ಅಂದೇ ಇದ್ದರು! 1905ರಲ್ಲಿ ಈ ಪರೀಕ್ಷೆ ರದ್ದಾಯಿತು. ಆದರೆ ಪರೀಕ್ಷೆಯೇ ಬಡವನ ಮಗನಿಗೆ ಏಣಿ ಎಂಬ ನಂಬಿಕೆ ಜನಮನದಿಂದ ಹೋಗಲಿಲ್ಲ. 1909ರಲ್ಲಿ ವಿದ್ಯಾರ್ಥಿವೇತನದ ಪರೀಕ್ಷೆ ಗೆದ್ದು 47 ಮಂದಿಯ ಮೊದಲ ತಂಡ ಅಮೆರಿಕಕ್ಕೆ ಹೊರಟಿತು. ಇಂಥವರನ್ನು ಸಿದ್ಧಪಡಿಸಲೆಂದೇ 1911ರಲ್ಲಿ ಸ್ಥಾಪನೆಯಾದ ಶಾಲೆ ಇಂದು ಜಗತ್ಪ್ರಸಿದ್ಧ ಸಿಂಗುವಾ ವಿಶ್ವವಿದ್ಯಾಲಯವಾಗಿದೆ.

1949ರ ಕ್ರಾಂತಿಯ ನಂತರ ರಷ್ಯನ್ ಭಾಷೆಗೆ ಅಗ್ರಸ್ಥಾನ ದೊರೆಯಿತು. 1966ರಲ್ಲಿ ಆರಂಭವಾದ ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಂತೂ ಕಾಲೇಜು ಪ್ರವೇಶ ಪರೀಕ್ಷೆಯೇ ನಿಂತುಹೋಯಿತು. ವಿದೇಶಿ ರೇಡಿಯೋ ಕೇಳುವುದು ಅಪಾಯಕಾರಿಯಾಗಿತ್ತು. 1977ರ ಕೊನೆಯಲ್ಲಿ ಪ್ರವೇಶ ಪರೀಕ್ಷೆ ಮತ್ತೆ ಆರಂಭವಾದಾಗ ಸುಮಾರು 57 ಲಕ್ಷ ಜನ ಕುಳಿತರು, ಸೀಟು ಸಿಕ್ಕಿದ್ದು ಸುಮಾರು 2 ಲಕ್ಷ 70 ಸಾವಿರ ಮಂದಿಗೆ ಮಾತ್ರ. 1978ರ ಡಿಸೆಂಬರ್‌ನಲ್ಲಿ 52 ವಿದ್ವಾಂಸರು ಅಮೆರಿಕಕ್ಕೆ ಹೊರಟರು. 1981ರ ಡಿಸೆಂಬರ್‌ನಲ್ಲಿ ಚೀನಾದಲ್ಲಿ ಮೊದಲ ಬಾರಿ ಟೋಫೆಲ್ ನಡೆಯಿತು. 1982ರಲ್ಲಿ ಬಿ.ಬಿ.ಸಿ.ಯ 'ಫಾಲೋ ಮಿ' ಪಾಠಗಳು ದೂರದರ್ಶನದಲ್ಲಿ ಬರತೊಡಗಿದಾಗ ಜನ ಟಿ.ವಿ. ಇದ್ದ ಮನೆಗಳಲ್ಲಿ ಗುಂಪುಗೂಡಿ ನೋಡಿದರು. 1987ರಿಂದ ಕಾಲೇಜು ವಿದ್ಯಾರ್ಥಿಗಳಿಗೆ ರಾಷ್ಟ್ರಮಟ್ಟದ ಇಂಗ್ಲಿಷ್ ಪರೀಕ್ಷೆಯೂ ಬಂದಿತು.

ಕೆಂಪು ಪುಸ್ತಕ ಮತ್ತು 'ಹೊಸ ಪೂರ್ವ'

ಈ ಹಿನ್ನೆಲೆಯಲ್ಲಿ ಯು ಮಿನ್‌ಹಾಂಗ್ ಅವರ ಕಥೆಯನ್ನು ನೀವು ತಿಳಿಯಬೇಕು. ಜಿಯಾಂಗ್ಸು ಪ್ರಾಂತದ ಹಳ್ಳಿಯಲ್ಲಿ 1962ರಲ್ಲಿ ಹುಟ್ಟಿದ ಈ ಹುಡುಗ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣನಾದ. ಇಂಗ್ಲಿಷೇ ಅವನ ದೌರ್ಬಲ್ಯ. 1980ರಲ್ಲಿ ಮೂರನೆಯ ಯತ್ನದಲ್ಲಿ ಪೀಕಿಂಗ್ ವಿಶ್ವವಿದ್ಯಾಲಯ ಸೇರಿ, ಮುಂದೆ ಅಲ್ಲಿಯೇ ಇಂಗ್ಲಿಷ್ ಅಧ್ಯಾಪಕನಾದ. ವಿದೇಶಕ್ಕೆ ಹೋಗುವ ಪ್ರಯತ್ನ ಫಲಿಸಲಿಲ್ಲ. 1993ರಲ್ಲಿ 'ಹೊಸ ಪೂರ್ವ' ಎಂಬ ಅರ್ಥದ ಶಿನ್ ದೋಂಗ್‌ಫಾಂಗ್ ಎಂಬ ತರಬೇತಿ ಶಾಲೆ ತೆರೆದ ಅವರು ಆರಂಭದಲ್ಲಿ ಬೀಜಿಂಗ್‌ನ ಚಳಿಯಲ್ಲಿ ತಾವೇ ಬೀದಿಗಳಲ್ಲಿ ಜಾಹೀರಾತು ಅಂಟಿಸಿದರು. ಅವರ ಜಿ.ಆರ್.ಇ. ಪದಕೋಶ ಕೆಂಪು ಹೊದಿಕೆಯಿಂದಾಗಿ 'ಕೆಂಪು ರತ್ನದ ಪುಸ್ತಕ' ಎಂದೇ ಮನೆಮಾತಾಯಿತು. 2006ರಲ್ಲಿ ಸಂಸ್ಥೆ ನ್ಯೂಯಾರ್ಕ್ ಷೇರುಪೇಟೆಯನ್ನೇ ಪ್ರವೇಶಿಸಿತು.

ಅಂದಿನ ಜಿ.ಆರ್.ಇ.ಯಲ್ಲಿ ವಿರುದ್ಧಾರ್ಥಕ ಪದ ಮತ್ತು ಪದಸಂಬಂಧದ ಪ್ರಶ್ನೆಗಳಿದ್ದವು. ಸಂದರ್ಭವಿಲ್ಲದೆ ಒಂಟಿ ಪದ ಕೊಟ್ಟು ಉತ್ತರ ಕೇಳುತ್ತಿದ್ದುದರಿಂದ ಪಟ್ಟಿ ಉರು ಹೊಡೆದವನಿಗೆ ಅಂಕ ಗ್ಯಾರಂಟಿ. ಚೀನೀ ವಿದ್ಯಾರ್ಥಿಗಳು ಇದಕ್ಕೆ ಮೂರು ದಾರಿ ಕಂಡುಕೊಂಡರು.

ಮೊದಲನೆಯದು, ನಾದದ ನೆನಪು. 'ಪೆಸ್ಟ್' ಎಂದರೆ ಪೀಡೆ. ಅದನ್ನು 'ಪಾಯ್ ಸಿ ತಾ' ಎಂದು ಉಚ್ಚರಿಸಿದರೆ ಚೀನೀಯಲ್ಲಿ 'ಅದನ್ನು ಬಡಿದು ಕೊಲ್ಲು' ಎಂದಾಗುತ್ತದೆ! ಮರೆಯಲು ಸಾಧ್ಯವೇ? ಇದು ಕ್ಯಾಂಟನ್ನಿನ ಹಳೆಯ ಕಿರುಹೊತ್ತಗೆಗಳ ಮೊಮ್ಮಗನೇ ಸರಿ. ಅರ್ಥ ನೆನಪಿರುತ್ತದೆ, ಆದರೆ ಉಚ್ಚಾರ ಕೆಡುತ್ತದೆ.

ಎರಡನೆಯದು, ಕ್ರಮಬದ್ಧ ಪುನರಾವರ್ತನೆ. ಜರ್ಮನಿಯ ಎಬ್ಬಿಂಗ್‌ಹಾಸ್ 1885ರಲ್ಲಿ ಮರೆವಿನ ಬಗ್ಗೆ ತಮ್ಮ ಸಂಶೋಧನೆ ಪ್ರಕಟಿಸಿದ್ದರು. ನಾವು ಬಿ.ಎಡ್.ನಲ್ಲಿ ಈ ಮರೆವಿನ ರೇಖೆಯನ್ನು ಓದಿ ಪರೀಕ್ಷೆ ಬರೆದು ಮರೆತೆವು. ಚೀನೀ ಶಿಕ್ಷಕರು ಅದನ್ನು ವೇಳಾಪಟ್ಟಿ ಮಾಡಿದರು. 17 ದಿನಗಳಲ್ಲಿ ಜಿ.ಆರ್.ಇ. ಪದಗಳನ್ನು ಮುಗಿಸುವ ಯಾಂಗ್ ಪೆಂಗ್ ಅವರ ಪುಸ್ತಕ ಇದೇ ತತ್ತ್ವದ ಮೇಲೆ ನಿಂತಿದೆ. ಇಂದು ಕಲಿತ ಪದವನ್ನು ಇಂದೇ ಮತ್ತೊಮ್ಮೆ, ನಾಳೆ, ನಾಲ್ಕು ದಿನದ ಬಳಿಕ, ವಾರದ ಬಳಿಕ, ಹದಿನೈದು ದಿನದ ಬಳಿಕ ನೋಡಬೇಕು.

ಮೂರನೆಯದು, ಮೂಲಧಾತು. ಚೀನೀಯಲ್ಲಿ 'ತಿಯೆನ್' ಎಂದರೆ ವಿದ್ಯುತ್. ಅದಕ್ಕೆ 'ಮಾತು' ಸೇರಿದರೆ ಟೆಲಿಫೋನ್, 'ನೆರಳು' ಸೇರಿದರೆ ಸಿನಿಮಾ, 'ಮೆದುಳು' ಸೇರಿದರೆ ಕಂಪ್ಯೂಟರ್. ಹೀಗೆ ಬಿಡಿಭಾಗಗಳಿಂದ ಪದ ಕಟ್ಟಿ ಅಭ್ಯಾಸವಿದ್ದವರಿಗೆ ಇಂಗ್ಲಿಷಿನ ಲ್ಯಾಟಿನ್ ಧಾತುಗಳು ಸುಲಭವಾಗಿ ಒಲಿದವು. 'ಬೆನೆ' ಎಂದರೆ ಒಳ್ಳೆಯದು, 'ಮಾಲೆ' ಎಂದರೆ ಕೆಟ್ಟದ್ದು, 'ವೊಲೆಂಟ್' ಎಂದರೆ ಬಯಸುವ. ಬೆನೆವೊಲೆಂಟ್, ಮಾಲೆವೊಲೆಂಟ್ ಎರಡೂ ಒಟ್ಟಿಗೇ ಕೈಗೆ ಸಿಕ್ಕವು. ವಿದ್ಯಾರ್ಥಿ ಮಿತ್ರರೇ, ಈ ಸಂಪತ್ತು ನಿಮ್ಮಲ್ಲೂ ಇದೆ. ಇಲ್ಮ್, ಆಲಿಮ್, ತಾಲೀಮ್, ಮುಅಲ್ಲಿಮ್, ಮಾಲೂಮ್ – ಐದೂ ಒಂದೇ ಧಾತುವಿನ ಮಕ್ಕಳು. ಕೃತಿ, ಕ್ರಿಯೆ, ಕಾರ್ಯ, ಕರ್ತೃ ಕೂಡ ಹಾಗೆಯೇ. ಉರ್ದು, ಕನ್ನಡ ಬಲ್ಲವನಿಗೆ ಧಾತುವಿನಿಂದ ಪದ ಹುಟ್ಟುವುದನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ.

ಎಡವಿದ ಹೆಜ್ಜೆ

ಇಷ್ಟೆಲ್ಲ ಪರಿಶ್ರಮದ ನಡುವೆ ಒಂದು ಕಹಿ ಅಧ್ಯಾಯವೂ ಇದೆ. ಪರೀಕ್ಷೆ ಬರೆದು ಬಂದವರು ನೆನಪಿನಲ್ಲಿದ್ದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಮುಂದಿನವರಿಗೆ ಹಂಚುವ ಪರಿಪಾಠ ಬೆಳೆಯಿತು. ಕಂಪ್ಯೂಟರ್ ಪರೀಕ್ಷೆಯಲ್ಲಿ ಪ್ರಶ್ನೆಗಳು ಮರುಕಳಿಸುತ್ತಿದ್ದುದರಿಂದ ಇದು ನಕಲಿಗೆ ಸಮಾನವಾಯಿತು. 2002ರಲ್ಲಿ ಪರೀಕ್ಷೆ ನಡೆಸುವ ಅಮೆರಿಕದ ಇ.ಟಿ.ಎಸ್. ಸಂಸ್ಥೆ ಚೀನಾ, ತೈವಾನ್, ದಕ್ಷಿಣ ಕೊರಿಯಾಗಳಲ್ಲಿ ಜಿ.ಆರ್.ಇ.ಯ ಸಾಮಾನ್ಯ ಪರೀಕ್ಷೆಯನ್ನು ಕಂಪ್ಯೂಟರಿನಲ್ಲಿ ನಡೆಸುವುದನ್ನು ನಿಲ್ಲಿಸಿ ಮತ್ತೆ ಕಾಗದದ ಪರೀಕ್ಷೆಗೆ ಮರಳಿತು. ಕದ್ದವರು ಕೆಲವರು, ಆದರೆ ಹಗಲಿರುಳು ಪ್ರಾಮಾಣಿಕವಾಗಿ ಓದಿದ್ದ ಸಾವಿರಾರು ಮಕ್ಕಳ ಅಂಕಗಳನ್ನೂ ಅನುಮಾನದಿಂದ ನೋಡುವಂತಾಯಿತು. ಪರೀಕ್ಷಾ ಸಾಮಗ್ರಿಯನ್ನು ಅನುಮತಿಯಿಲ್ಲದೆ ಬಳಸಿದ ಮೊಕದ್ದಮೆಯಲ್ಲಿ ಬೀಜಿಂಗ್‌ನ ನ್ಯಾಯಾಲಯ 2003ರಲ್ಲಿ 'ಹೊಸ ಪೂರ್ವ' ಪರಿಹಾರ ನೀಡಬೇಕೆಂದು ಆದೇಶಿಸಿತು. 2004ರಲ್ಲಿ ಮೇಲ್ಮನವಿ ನ್ಯಾಯಾಲಯ ಪರಿಹಾರದ ಮೊತ್ತ ತಗ್ಗಿಸಿದರೂ ಕೃತಿಸ್ವಾಮ್ಯದ ಉಲ್ಲಂಘನೆಯನ್ನು ಎತ್ತಿಹಿಡಿಯಿತು. ಒಬ್ಬನ ಅಡ್ಡದಾರಿ ಇಡೀ ಸಮುದಾಯದ ಹೆಸರಿಗೆ ಮಸಿ ಬಳಿಯುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕೇ?

ಮತ್ತೊಂದು ಪೆಟ್ಟು 2011ರ ಆಗಸ್ಟ್‌ನಲ್ಲಿ ಬಿದ್ದಿತು. ಹೊಸ ಜಿ.ಆರ್.ಇ.ಯಿಂದ ವಿರುದ್ಧಾರ್ಥಕ ಮತ್ತು ಪದಸಂಬಂಧದ ಪ್ರಶ್ನೆಗಳನ್ನು ಕೈಬಿಡಲಾಯಿತು. ವಾಕ್ಯದಲ್ಲಿ ಪದ ತುಂಬುವುದು, ಗದ್ಯ ಓದಿ ಅರ್ಥೈಸುವುದು ಉಳಿದವು. ಪಟ್ಟಿಯೊಂದನ್ನೇ ನಂಬಿದವರು ಕಂಗಾಲಾದರು. 2021ರಲ್ಲಿ ಚೀನಾ ಸರ್ಕಾರ ಶಾಲಾ ಮಕ್ಕಳಿಗೆ ಲಾಭಕ್ಕಾಗಿ ಪಠ್ಯವಿಷಯಗಳ ಟ್ಯೂಷನ್ ನಡೆಸುವುದನ್ನು ತಡೆದಾಗ 'ಹೊಸ ಪೂರ್ವ'ವೂ ಆ ತರಗತಿಗಳನ್ನು ಮುಚ್ಚಿ, ಸಾವಿರಾರು ಮೇಜು ಕುರ್ಚಿಗಳನ್ನು ಹಳ್ಳಿಯ ಶಾಲೆಗಳಿಗೆ ದಾನ ಮಾಡಿತು.

ನಾವು ಕಲಿಯಬೇಕಾದದ್ದು

ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಈಗ ಬರೋಣ. ಪದ ಗೊತ್ತಿದ್ದೂ ಪ್ಯಾರಾ ಏಕೆ ಅರ್ಥವಾಗುವುದಿಲ್ಲ? ಕನ್ನಡದಲ್ಲಿ 'ನಿನ್ನೆ ಬಂದ ಹುಡುಗ' ಎನ್ನುತ್ತೇವೆ. ಚೀನೀಯಲ್ಲೂ ಇದೇ ಕ್ರಮ; ವಿಶೇಷಣವೆಲ್ಲ ಮೊದಲು, ನಾಮಪದ ಕೊನೆಗೆ. ಇಂಗ್ಲಿಷಿನಲ್ಲಿ ಹುಡುಗ ಮೊದಲು ಬಂದು, ಅವನು ಯಾರು, ಯಾವಾಗ ಬಂದ ಎಂಬುದೆಲ್ಲ ಬಾಲದಂತೆ ಹಿಂದೆ ಬರುತ್ತದೆ. ಉನ್ನತ ಮಟ್ಟದ ಗದ್ಯದಲ್ಲಿ ಈ ಬಾಲಕ್ಕೆ ಇನ್ನೊಂದು ಬಾಲ. ಅಷ್ಟರಲ್ಲಿ ಕರ್ತೃ ಎಲ್ಲಿ, ಕ್ರಿಯಾಪದ ಎಲ್ಲಿ ಎಂದೇ ತಿಳಿಯದು. ಆದ್ದರಿಂದ ಚೀನೀ ಶಿಕ್ಷಕರು ಕಠಿಣ ವಾಕ್ಯಗಳಿಗೆಂದೇ ಪ್ರತ್ಯೇಕ ಅಭ್ಯಾಸ ಪುಸ್ತಕ ಮಾಡಿದರು. ಮೊದಲು ಕರ್ತೃ ಮತ್ತು ಮುಖ್ಯ ಕ್ರಿಯಾಪದ ಹುಡುಕಿ ಗೆರೆ ಎಳೆಯಿರಿ. ಉಳಿದದ್ದನ್ನು ಕಂಸದಲ್ಲಿ ಹಾಕಿ. ಆಮೇಲೆ ಒಂದೊಂದೇ ಕಂಸ ಬಿಚ್ಚಿ. ದಿನಕ್ಕೆ ಐದು ವಾಕ್ಯ ಸಾಕು.

ಅಂದು ನಾನು ಅವನ ಪಟ್ಟಿಯನ್ನು ಕಸಿದುಕೊಳ್ಳಲಿಲ್ಲ. ಪಟ್ಟಿ ಬೇಕು, ಆದರೆ ಧಾತುವಿನ ಪ್ರಕಾರ ವಿಂಗಡಿಸಿಕೋ, ವೇಳಾಪಟ್ಟಿಯಂತೆ ಮರಳಿ ನೋಡು, ಅದರ ಜೊತೆಗೆ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯವನ್ನು ಹೀಗೆ ಬಿಡಿಸಿ ಓದು ಎಂದೆ. ಮೂರು ತಿಂಗಳ ಬಳಿಕ ಫೋನ್ ಮಾಡಿದ್ದ. "ಸರ್, ಈಗ ಪದ ಗೊತ್ತಿಲ್ಲದಿದ್ದರೂ ವಾಕ್ಯ ಗೊತ್ತಾಗುತ್ತದೆ" ಎಂದ. ಪರೀಕ್ಷೆ ಇನ್ನೂ ಬರೆಯಬೇಕಿದೆ, ಫಲಿತಾಂಶ ಏನಾಗುವುದೋ ತಿಳಿಯದು. ಆದರೆ ಅವನೀಗ ಓದುಗನಾಗಿದ್ದಾನೆ. ಅದನ್ನು ಯಾವ ಅಂಕಪಟ್ಟಿಯೂ ಅವನಿಂದ ಹಿಂದಕ್ಕೆ ಪಡೆಯಲಾರದು.

1858ರ ಕಾಗದವನ್ನು ಓದಲಾರದೆ ಕುಳಿತಿದ್ದ ಆಸ್ಥಾನದಿಂದ ಇಂದಿನವರೆಗೆ ಚೀನಾ ನಡೆದ ದಾರಿ ನಮಗೆ ಹೇಳುವುದಿಷ್ಟೇ. ಪದಗಳನ್ನು ಕೂಡಿಡುವುದು ಆರಂಭ ಮಾತ್ರ. ನಮ್ಮ ಮುಂದಿಟ್ಟ ಕಾಗದವನ್ನು ನಾವೇ ಓದಿ, ನಾವೇ ಅರ್ಥ ಮಾಡಿಕೊಳ್ಳುವುದು ಗುರಿ. ಇಂದು ಸಂಜೆಯೇ ಐದು ವಾಕ್ಯಗಳಿಂದ ಆರಂಭಿಸಿ ನೋಡಿ.